ನದಿಗೆ ಬಂದ ಜೀಬ್ರಾ ಚಿಪ್ಪು: ತರಗತಿಯಲ್ಲಿ ಪಾಠ ಮಾಡುವ ಬಗೆ

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಆಕ್ರಮಣಕಾರಿ ಪ್ರಭೇದಗಳ ಪಾಠ ಬಂದಾಗ ಲಂಟಾನ, ಪಾರ್ಥೇನಿಯಂ, ಅಂತರಗಂಗೆ ಎಂದು ಹೆಸರು ಹೇಳಿ ಮುಂದೆ ಹೋಗುತ್ತೇವೆ. ಮಕ್ಕಳೂ ‘ಹೊರಗಿನಿಂದ ಬಂತು, ಹರಡಿತು, ಹಾನಿ ಮಾಡಿತು’ ಎಂದು ಬರೆದು ಅಂಕ ಪಡೆಯುತ್ತಾರೆ. ಆದರೆ ಒಂದೇ ಒಂದು ಜೀವಿ ಬಂದು ಸೇರಿದ್ದಕ್ಕೆ ಇಡೀ ಹೊಳೆಯ ಒಳಗಿನ ಬದುಕು ಹೇಗೆ ಏರುಪೇರಾಗುತ್ತದೆ ಎಂಬುದನ್ನು ಅವರ ಕೈಯಲ್ಲೇ ಕಂಡುಹಿಡಿಸುವುದು ಹೇಗೆ?

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಅಮೆರಿಕದ ಹಡ್ಸನ್ ನದಿ ಮತ್ತು ಅಲ್ಲಿಗೆ 1991ರಲ್ಲಿ ಬಂದ ಜೀಬ್ರಾ ಚಿಪ್ಪು. ದೂರದ ದೇಶದ ಕಥೆ ಯಾಕೆ ಎಂದು ಕೇಳಬಹುದು. ನ್ಯೂಯಾರ್ಕ್ ರಾಜ್ಯದ ಮಿಲ್‌ಬ್ರೂಕ್‌ನಲ್ಲಿರುವ ಕ್ಯಾರಿ ಇನ್‌ಸ್ಟಿಟ್ಯೂಟ್ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಈ ಜೀವಿ ಬರುವುದಕ್ಕೂ ಮೊದಲೇ, 1980ರ ದಶಕದ ಕೊನೆಯಿಂದ, ಆ ನದಿಯ ನೀರನ್ನು ನಿಯಮಿತವಾಗಿ ಅಳೆಯುತ್ತಿದ್ದರು. ಬಂದ ಮೇಲೂ ಅಳತೆ ನಿಲ್ಲಿಸಲಿಲ್ಲ. ‘ಮೊದಲು’ ಮತ್ತು ‘ಆಮೇಲೆ’ ಎರಡರ ದಾಖಲೆಯೂ ಇರುವ ನದಿಗಳು ಜಗತ್ತಿನಲ್ಲಿ ತೀರಾ ಅಪರೂಪ. ಆ ದಾಖಲೆ ಇರುವುದರಿಂದಲೇ ಇಲ್ಲಿ ಊಹೆಯನ್ನು ಪರೀಕ್ಷಿಸಿ ನೋಡಲು ಸಾಧ್ಯ.

ಈ ಪಾಠ 8ರಿಂದ 10ನೇ ತರಗತಿಗೆ ಹೊಂದುತ್ತದೆ. ನಾಲ್ಕು ಪೀರಿಯಡ್ ಬೇಕು. ಮೂರರಲ್ಲಿ ಮುಗಿಸಲೇಬೇಕಿದ್ದರೆ ಎರಡನೇ ಹಂತವನ್ನು ಬಿಡಿ. ಮೂರನೆಯದನ್ನೂ ನಾಲ್ಕನೆಯದನ್ನೂ ಮಾತ್ರ ಬಿಡಬೇಡಿ.

ಮೊದಲು ನಿಮಗೆ ತಿಳಿದಿರಬೇಕಾದದ್ದು

ಜೀಬ್ರಾ ಚಿಪ್ಪು ಎಂದರೆ ಎರಡು ಹೋಳಿನ ಚಿಪ್ಪಿರುವ ಪುಟ್ಟ ಕಪ್ಪೆಚಿಪ್ಪು. ಬೆಳೆದದ್ದು ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್, ಅಂದರೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಮೈಮೇಲೆ ಕಂದು-ಬಿಳಿ ಪಟ್ಟೆ. ಅದರ ತವರು ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಕ್ಕೆ ಸೇರುವ ನದಿಗಳು. ಹಡಗುಗಳು ತೂಕದ ಸಮತೋಲನಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರಿಗೆ ಬ್ಯಾಲಾಸ್ಟ್ ನೀರು ಎನ್ನುತ್ತಾರೆ. ಯುರೋಪಿನಿಂದ ಬಂದ ಹಡಗುಗಳು ಆ ನೀರನ್ನು ಚೆಲ್ಲಿದಾಗ ಈ ಜೀವಿ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿತು. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಣ್ಣಿಗೆ ಬಿತ್ತು. ಮರುವರ್ಷವೇ ಮಿಷಿಗನ್ ರಾಜ್ಯದ ಮನ್ರೋ ಪಟ್ಟಣಕ್ಕೆ ಕುಡಿಯುವ ನೀರೆತ್ತುವ ಕೊಳವೆಯಲ್ಲಿ ಚಿಪ್ಪುಗಳು ಕಿಕ್ಕಿರಿದು ಊರಿಗೆ ನೀರೇ ಬರದಂತಾಯಿತು.

ಎರಡು ಗುಣಗಳು ಮುಖ್ಯ. ಒಂದು, ಇದು ಗಟ್ಟಿಯಾದ ನೂಲಿನಂಥ ಎಳೆಗಳನ್ನು ಹೊರಡಿಸಿ ಕಲ್ಲು, ಕೊಳವೆ, ದೋಣಿಯ ತಳ, ಬೇರೆ ಚಿಪ್ಪಿನ ಬೆನ್ನು ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಇನ್ನೊಂದು, ಇದರ ಮರಿಗಳು, ಅಂದರೆ ಲಾರ್ವಾಗಳು, ಬರಿಗಣ್ಣಿಗೆ ಕಾಣದಷ್ಟು ಚಿಕ್ಕವಾಗಿದ್ದು ನೀರಿನಲ್ಲಿ ಸ್ವತಂತ್ರವಾಗಿ ತೇಲುತ್ತವೆ. ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಬಿಡಬಲ್ಲದು. ಸಿಹಿನೀರಿನ ಸ್ಥಳೀಯ ಕಪ್ಪೆಚಿಪ್ಪುಗಳು ಹಾಗಲ್ಲ. ಅವುಗಳ ಲಾರ್ವಾಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲಕಾಲ ಬದುಕಿದರೆ ಮಾತ್ರ ಮುಂದೆ ಬೆಳೆಯುತ್ತವೆ. ಒಂದು, ಮೀನನ್ನು ನಂಬಿ ಬದುಕುವ ಜೀವಿ; ಇನ್ನೊಂದು, ಯಾರ ಹಂಗೂ ಇಲ್ಲದೆ ಹರಡುವ ಜೀವಿ. ಈ ವ್ಯತ್ಯಾಸ ಮಕ್ಕಳಿಗೆ ಹೊಳೆದರೆ ಅರ್ಧ ಪಾಠ ಆದಂತೆ.

ಬೇಕಾಗುವ ಸಾಮಾನು

ಸುಮಾರು 300 ಹುಣಸೆಬೀಜ, ಹದಿನೈದಿಪ್ಪತ್ತು ಕಾಗದದ ಲೋಟ, ಸೀಮೆಸುಣ್ಣ, ಗ್ರಾಫ್ ಹಾಳೆ, ಸೆಕೆಂಡು ತೋರಿಸುವ ಗಡಿಯಾರ. ಎರಡನೇ ಹಂತಕ್ಕೆ ಒಂದೇ ಅಳತೆಯ ಎರಡು ದೊಡ್ಡ ಗಾಜಿನ ಜಾಡಿ, ತೊಳೆದ ಮರಳು, ಹಸಿರು ಬಣ್ಣಕ್ಕೆ ತಿರುಗಿದ ಕೆರೆ ನೀರು, ಹತ್ತಿರದ ಕೆರೆಯ ಎರಡು ಮೂರು ಜೀವಂತ ಕಪ್ಪೆಚಿಪ್ಪು.

ಹಂತ 1: ಲೆಕ್ಕದಿಂದ ಶುರುಮಾಡಿ

ಕಪ್ಪೆಚಿಪ್ಪು ತಿನ್ನುವುದು ಸೋಸಿ. ಒಂದು ಕಡೆಯಿಂದ ನೀರೆಳೆದು, ಅದರಲ್ಲಿ ತೇಲುವ ಕಣಗಳನ್ನು ಹಿಡಿದಿಟ್ಟು, ಇನ್ನೊಂದು ಕಡೆಯಿಂದ ನೀರನ್ನು ಹೊರಬಿಡುತ್ತದೆ. ಬೆಳೆದ ಒಂದು ಜೀಬ್ರಾ ಚಿಪ್ಪು ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸಬಲ್ಲದು. ಶಾಲೆಯ ಮೇಲಿರುವ ನೀರಿನ ಟ್ಯಾಂಕ್ ಎಷ್ಟು ಲೀಟರಿನದು ಎಂದು ಮಕ್ಕಳನ್ನು ಕೇಳಿ. ಸಾವಿರ ಲೀಟರಿನದಾದರೆ ಅದನ್ನು ಒಂದು ದಿನದಲ್ಲಿ ಸೋಸಲು ಎಷ್ಟು ಚಿಪ್ಪು ಬೇಕು? ಅಷ್ಟು ಚಿಪ್ಪು ನಿಮ್ಮ ಮೇಜಿನ ಮೇಲೆ ಹಿಡಿಯುತ್ತವೆಯೇ? ಒಂದರ ಮೇಲೊಂದು ಅಂಟಿಕೊಂಡರೆ ಸುಲಭವಾಗಿ ಹಿಡಿಯುತ್ತವೆ.

ಆಮೇಲೆ ಹಡ್ಸನ್ನಿನ ಮಾತು ಹೇಳಿ. ಟ್ರಾಯ್ ಎಂಬ ಊರಿನ ಅಣೆಕಟ್ಟಿನಿಂದ ಕೆಳಗೆ ಆ ನದಿಯಲ್ಲಿ ಸಮುದ್ರದ ಉಬ್ಬರ-ಇಳಿತ ಕಾಣುತ್ತದೆ. ಆದರೂ ಮೇಲ್ಭಾಗದಲ್ಲಿ ಬಹುದೂರದವರೆಗೆ ನೀರು ಸಿಹಿಯಾಗಿಯೇ ಇರುತ್ತದೆ. ಅಷ್ಟುದ್ದದ ಹೊಳೆಯ ನೀರಿನಷ್ಟು ನೀರನ್ನು ಬೇಸಿಗೆಯಲ್ಲಿ ಜೀಬ್ರಾ ಚಿಪ್ಪುಗಳು ಎರಡರಿಂದ ನಾಲ್ಕು ದಿನಗಳಲ್ಲಿ ಸೋಸಿ ಮುಗಿಸುವಷ್ಟಾದವು. 1992ರ ಕೊನೆಯ ಹೊತ್ತಿಗೆ, ಅಂದರೆ ಕಣ್ಣಿಗೆ ಬಿದ್ದ ಮರುವರ್ಷಕ್ಕೇ, ಅವುಗಳ ಒಟ್ಟು ಜೀವರಾಶಿ ಆ ಭಾಗದ ಮೀನು, ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳು), ತಳದ ಹುಳಹುಪ್ಪಟೆ, ಬ್ಯಾಕ್ಟೀರಿಯಾ ಎಲ್ಲವನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾಗಿತ್ತು. ಜೀವರಾಶಿ ಎಂದರೆ ಒಂದು ಜಾಗದಲ್ಲಿರುವ ಜೀವಿಗಳ ಒಟ್ಟು ತೂಕ.

ಇಷ್ಟು ಹೇಳಿ ನಿಲ್ಲಿಸಿ. ಮುಂದೆ ಏನಾಯಿತು ಎಂದು ಹೇಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಕಥೆಯ ರುಚಿ ಹತ್ತಿ ಎಲ್ಲ ಪರಿಣಾಮಗಳನ್ನೂ ಮೊದಲ ಪೀರಿಯಡ್ಡಿನಲ್ಲೇ ಹೇಳಿಬಿಡುತ್ತಾರೆ. ಆಮೇಲೆ ಮಕ್ಕಳಿಗೆ ಊಹಿಸಲು ಏನೂ ಉಳಿಯುವುದಿಲ್ಲ.

ಹಂತ 2: ಜಾಡಿಯಲ್ಲಿ ಸೋಸುವಿಕೆ

ಎರಡೂ ಜಾಡಿಗೆ ಮೂರು ಬೆರಳಿನಷ್ಟು ಮರಳು ಹಾಕಿ, ಒಂದೇ ಕೊಡದ ಹಸಿರು ನೀರನ್ನು ಸಮನಾಗಿ ಸುರಿಯಿರಿ. ಒಂದರಲ್ಲಿ ಮಾತ್ರ ನಮ್ಮ ಕೆರೆಯ ಕಪ್ಪೆಚಿಪ್ಪು ಇಡಿ. ಎರಡನ್ನೂ ನೆರಳಲ್ಲಿಟ್ಟು, ಹಿಂದೆ ಪತ್ರಿಕೆಯ ಹಾಳೆ ನಿಲ್ಲಿಸಿ, ಪ್ರತಿ ಗಂಟೆಗೊಮ್ಮೆ ಯಾವ ಗಾತ್ರದ ಅಕ್ಷರ ಓದಲು ಬರುತ್ತದೆ ಎಂದು ಬರೆದುಕೊಳ್ಳಲಿ. ಬೆಳಿಗ್ಗೆ ಇಟ್ಟರೆ ಶಾಲೆ ಬಿಡುವ ಹೊತ್ತಿಗೆ ವ್ಯತ್ಯಾಸ ಕಾಣಬೇಕು.

ಚಿಪ್ಪಿಲ್ಲದ ಜಾಡಿ ಕಡ್ಡಾಯ. ಸುಮ್ಮನೆ ಬಿಟ್ಟರೂ ನೀರಿನ ಕೆಸರು ತನ್ನಷ್ಟಕ್ಕೆ ತಳ ಸೇರುತ್ತದೆ. ಹೋಲಿಸಲು ಇನ್ನೊಂದು ಜಾಡಿ ಇಲ್ಲದಿದ್ದರೆ ನೀವು ತೋರಿಸಿದ್ದು ಏನನ್ನು ಎಂದು ಯಾರೂ ಹೇಳಲಾರರು.

ಕೊನೆಗೆ ಮರಳಿನ ಮೇಲೆ ನೋಡಲು ಹೇಳಿ. ಲೋಳೆ ಸುತ್ತಿದ ಸಣ್ಣ ಉಂಡೆಗಳು, ಎಳೆಗಳು ಕಾಣಬಹುದು. ತಿಂದು ಬಿಟ್ಟ ಹಿಕ್ಕೆಯೂ ಇದೆ, ತಿನ್ನಲು ಬೇಡವೆಂದು ಲೋಳೆ ಸುತ್ತಿ ಉಗುಳಿದ ಕಣಗಳೂ ಇವೆ. ನೀರಿನಲ್ಲಿದ್ದದ್ದು ಮಾಯವಾಗಲಿಲ್ಲ, ನಡುನೀರಿನಿಂದ ತಳಕ್ಕೆ ಸ್ಥಳಾಂತರವಾಯಿತು ಎಂಬುದನ್ನು ಮಕ್ಕಳೇ ಹೇಳುವಂತೆ ಮಾಡಿ. ಮುಂದಿನ ಎಲ್ಲ ಪರಿಣಾಮಗಳ ಬೇರು ಈ ಒಂದು ಮಾತಿನಲ್ಲಿದೆ.

ಎಚ್ಚರಿಕೆಗಳು: ನಲ್ಲಿ ನೀರು ಬಳಸಬೇಡಿ, ಕ್ಲೋರಿನ್‌ನಿಂದ ಜೀವಿ ಸಾಯುತ್ತದೆ. ಬಾಯಿ ತೆರೆದುಕೊಂಡಿದ್ದು ಮುಟ್ಟಿದರೂ ಮುಚ್ಚದ ಚಿಪ್ಪು ಸತ್ತದ್ದು, ಅದನ್ನು ತೆಗೆದುಬಿಡಿ. ಚಿಪ್ಪು ತರುವುದು ದೊಡ್ಡವರ ಕೆಲಸ, ಮಕ್ಕಳನ್ನು ಕೆರೆಗೆ ಇಳಿಸಬೇಡಿ. ಅದೇ ದಿನ, ತಂದ ಜಾಗಕ್ಕೇ ಹಿಂದಿರುಗಿಸಿ. ಬೇರೆ ಕೆರೆ ಹತ್ತಿರವಿದೆ ಎಂದು ಅಲ್ಲಿ ಬಿಡಬೇಡಿ. ಜಾಡಿಯ ನೀರನ್ನೂ ಅಷ್ಟೇ, ಇನ್ನೊಂದು ಕೆರೆಗೋ ಬಾವಿಗೋ ಚೆಲ್ಲದೆ ಒಣನೆಲಕ್ಕೆ ಸುರಿಯಿರಿ. ಯಾಕೆ ಎಂಬುದು ಪಾಠ ಮುಗಿಯುವಷ್ಟರಲ್ಲಿ ಮಕ್ಕಳಿಗೇ ಗೊತ್ತಾಗಿರುತ್ತದೆ.

ಹಂತ 3: ಹುಣಸೆಬೀಜದ ಆಟ

ಅಂಗಳದಲ್ಲಿ ನಾಲ್ಕೈದು ಹೆಜ್ಜೆ ಅಗಲದ ವೃತ್ತ ಬರೆಯಿರಿ. ಅದು ನದಿ. ಒಳಗೆ 150 ಹುಣಸೆಬೀಜ ಹರಡಿ. ಅವು ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುತ್ತಾ ಬಿಸಿಲಿನಿಂದ ಆಹಾರ ತಯಾರಿಸುವ ಅತಿಚಿಕ್ಕ ಪಾಚಿಗಳು. ಆರು ಮಕ್ಕಳು ಪ್ರಾಣಿಪ್ಲವಕ, ಅಂದರೆ ಆ ಪಾಚಿ ತಿಂದು ಬದುಕುವ ಸೂಕ್ಷ್ಮ ಪ್ರಾಣಿಗಳು. ಇಬ್ಬರು ನಡುಹೊಳೆಯ ಮೀನು. ಉಳಿದವರಲ್ಲಿ ಹತ್ತು ಮಂದಿ ಜೀಬ್ರಾ ಚಿಪ್ಪುಗಳಾಗಿ ಹೊರಗೆ ಕಾಯಲಿ, ಮಿಕ್ಕವರು ಲೆಕ್ಕ ಬರೆಯಲಿ.

ನಿಯಮ ಹೀಗೆ. ಪ್ರತಿ ಸುತ್ತು 15 ಸೆಕೆಂಡು. ಪ್ರಾಣಿಪ್ಲವಕಗಳು ಒಂದೇ ಕೈ ಬಳಸಿ ಒಂದೊಂದೇ ಬೀಜ ಹೆಕ್ಕಿ ತಮ್ಮ ಲೋಟಕ್ಕೆ ಹಾಕಬೇಕು. ಐದು ಬೀಜ ಸಿಗದವರು ಸತ್ತಂತೆ, ಹೊರಗೆ ಹೋಗಬೇಕು. ಸುತ್ತು ಮುಗಿದಾಗ ಕನಿಷ್ಠ ಮೂರು ಪ್ರಾಣಿಪ್ಲವಕ ಉಳಿದಿದ್ದರೆ ಇಬ್ಬರು ಮೀನುಗಳೂ ಉಳಿಯುತ್ತಾರೆ, ಒಂದೋ ಎರಡೋ ಇದ್ದರೆ ಒಬ್ಬರು, ಒಂದೂ ಇಲ್ಲದಿದ್ದರೆ ಯಾರೂ ಇಲ್ಲ. ಜೀಬ್ರಾ ಚಿಪ್ಪುಗಳು ಕೂತಲ್ಲಿಂದ ಏಳುವಂತಿಲ್ಲ, ಆದರೆ ಎರಡೂ ಕೈಯಿಂದ ಬಾಚಿಕೊಳ್ಳಬಹುದು. ಸುತ್ತಿನ ಕೊನೆಯಲ್ಲಿ ಎಷ್ಟು ಬೀಜ ಉಳಿದಿದೆಯೋ ಅಷ್ಟೇ ಬೀಜವನ್ನು ನೀವು ಸೇರಿಸಿ, ಯಾಕೆಂದರೆ ಪಾಚಿ ದ್ವಿಗುಣಗೊಳ್ಳುತ್ತದೆ. ಆದರೆ ಒಟ್ಟು 150 ದಾಟಬಾರದು.

ಮೊದಲ ಎರಡು ಸುತ್ತು ಜೀಬ್ರಾ ಚಿಪ್ಪು ಇಲ್ಲದೆ ಆಡಿಸಿ. ಬೀಜದ ಸಂಖ್ಯೆ ಮತ್ತೆ ಮತ್ತೆ 150ಕ್ಕೋ ಅದರ ಹತ್ತಿರಕ್ಕೋ ಮರಳುತ್ತದೆ. ಮೂರನೇ ಸುತ್ತಿಗೆ ಒಬ್ಬ ಚಿಪ್ಪು, ನಾಲ್ಕನೆಯದಕ್ಕೆ ನಾಲ್ವರು, ಐದನೆಯದಕ್ಕೆ ಹತ್ತೂ ಮಂದಿ. ಇವರನ್ನು ವೃತ್ತದೊಳಗೆ ಅಲ್ಲಲ್ಲಿ ಕೂರಿಸಿ. ಮೂರನೇ ಸುತ್ತಿನಲ್ಲಿ ಏನೂ ಆಗದಂತೆ ಕಂಡು ನಾಲ್ಕರಲ್ಲಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ‘ಮೊದಲ ವರ್ಷ ಹಾನಿ ಯಾಕೆ ಯಾರಿಗೂ ಗೊತ್ತಾಗಲಿಲ್ಲ?’ ಎಂದು ಆಗಲೇ ಕೇಳಿ.

ಇನ್ನೂ ಒಂದು ನಿಯಮ ಇಟ್ಟುಕೊಳ್ಳಿ, ಅದಿಲ್ಲದೆ ಆಟ ಅರ್ಧಸತ್ಯವಾಗುತ್ತದೆ. ಸುತ್ತಿನ ಕೊನೆಯಲ್ಲಿ ಬೀಜ 40ಕ್ಕಿಂತ ಕಡಿಮೆ ಉಳಿದರೆ ನೀರು ತಿಳಿಯಾಯಿತು ಎಂದರ್ಥ. ಆಗ ವೃತ್ತದ ಅಂಚಿಗೆ ಒಂದು ಹಸಿರು ಸೊಪ್ಪಿನ ಕೊಂಬೆ ಇಡಿ, ಲೆಕ್ಕ ಬರೆಯುವವರಲ್ಲಿ ಒಬ್ಬರನ್ನು ‘ದಡದ ಮೀನು’ ಎಂದು ಒಳಗೆ ಕರೆಯಿರಿ. ಯಾಕೆ ಎಂದು ವಿವರಿಸಬೇಡಿ, ಅವರೇ ಕಾರಣ ಹುಡುಕಲಿ. ಬೆಳಕು ತಳಕ್ಕೆ ಮುಟ್ಟಿತು, ತಳದಲ್ಲಿ ಗಿಡ ಬೆಳೆಯಿತು, ಗಿಡದ ನಡುವೆ ಬದುಕುವ ಮೀನಿಗೆ ಅನುಕೂಲವಾಯಿತು ಎಂಬ ಸರಪಳಿಯನ್ನು ಪ್ರತಿ ತರಗತಿಯಲ್ಲೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಜಾಣ ಮಕ್ಕಳು ಒಂದು ಪ್ರಶ್ನೆ ಎತ್ತುತ್ತಾರೆ: ಬೀಜವೆಲ್ಲ ಖಾಲಿಯಾದರೆ ಚಿಪ್ಪುಗಳೂ ಸಾಯಬೇಕಲ್ಲವೇ? ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ನಿಜದ ನದಿಯಲ್ಲಿ ಪಾಚಿ ಮಾತ್ರವೇ ಆಹಾರವಲ್ಲ. ಸುತ್ತಲಿನ ಕಾಡು, ಹೊಲ, ಊರುಗಳಿಂದ ಕೊಳೆತ ಎಲೆ, ಮಣ್ಣಿನ ಸಾವಯವ ಕಣ, ಬ್ಯಾಕ್ಟೀರಿಯಾ ಎಲ್ಲ ಹರಿದುಬರುತ್ತವೆ. ಚಿಪ್ಪುಗಳು ಅವನ್ನೂ ತಿನ್ನುತ್ತವೆ. ಹಾಗಾಗಿ ಪಾಚಿ ಬತ್ತಿದರೂ ಅವು ಪೂರ್ತಿ ಅಳಿಯಲಿಲ್ಲ, ಸಂಖ್ಯೆ ಮಾತ್ರ ಕೆಲವು ವರ್ಷಕ್ಕೊಮ್ಮೆ ಏರಿಳಿಯಿತು.

ಹಂತ 4: ಊಹಿಸಿ, ಆಮೇಲೆ ದಾಖಲೆ ನೋಡಿ

ಇದು ಪಾಠದ ತಿರುಳು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ, ಅವಸರ ಬೇಡ.

ಹಲಗೆಯ ಮೇಲೆ ಖಾಲಿ ಗ್ರಾಫ್ ಬರೆಯಿರಿ. ಅಡ್ಡಕ್ಕೆ 1987ರಿಂದ ವರ್ಷಗಳು, 1991ರಲ್ಲಿ ಒಂದು ನೇರ ಗೆರೆ. ಗುಂಪುಗಳಾಗಿ ಕೂತು ಸಸ್ಯಪ್ಲವಕ, ಪ್ರಾಣಿಪ್ಲವಕ, ನೀರಿನ ತಿಳಿತನ, ಕರಗಿದ ಆಮ್ಲಜನಕ, ಸ್ಥಳೀಯ ಕಪ್ಪೆಚಿಪ್ಪು, ನಡುಹೊಳೆಯ ಮೀನು, ದಡದ ಮೀನು ಇವುಗಳ ರೇಖೆ 1991ರ ನಂತರ ಮೇಲೇರುತ್ತದೋ ಇಳಿಯುತ್ತದೋ ಎಂದು ಪೆನ್ಸಿಲ್ಲಿನಲ್ಲಿ ಎಳೆಯಲಿ. ಪ್ರತಿ ರೇಖೆಯ ಪಕ್ಕ ‘ಯಾಕೆಂದರೆ’ ಎಂದು ಒಂದು ವಾಕ್ಯ ಇರಲೇಬೇಕು. ಎಲ್ಲರೂ ಬರೆದ ಮೇಲೆ ಮಾತ್ರ ನಿಜವಾಗಿ ಆದದ್ದನ್ನು ತೋರಿಸಿ.

ಸಸ್ಯಪ್ಲವಕ ಶೇ 80ಕ್ಕೂ ಹೆಚ್ಚು ಕುಸಿಯಿತು. ಅತಿಚಿಕ್ಕ ಪ್ರಾಣಿಪ್ಲವಕಗಳು ಮುಕ್ಕಾಲು ಪಾಲಿನಷ್ಟು ಇಲ್ಲವಾದವು. ನೀರು ತಿಳಿಯಾಯಿತು. ಇಷ್ಟನ್ನು ಬಹಳ ಮಕ್ಕಳು ಸರಿಯಾಗಿ ಊಹಿಸಿರುತ್ತಾರೆ.

ಆಮ್ಲಜನಕದಲ್ಲಿ ಸಿಕ್ಕಿಬೀಳುತ್ತಾರೆ. ‘ನೀರು ತಿಳಿಯಾಯಿತು, ಗಿಡ ಹೆಚ್ಚಿತು, ಹಾಗಾಗಿ ಆಮ್ಲಜನಕ ಹೆಚ್ಚು’ ಎಂದು ಬರೆಯುತ್ತಾರೆ. ಹಡ್ಸನ್‌ನಲ್ಲಿ ಒಟ್ಟಾರೆ ಕರಗಿದ ಆಮ್ಲಜನಕ ಇಳಿಯಿತು. ಆಮ್ಲಜನಕ ಬಿಡುತ್ತಿದ್ದ ಪಾಚಿ ಹೋಯಿತು, ಉಸಿರಾಡಿ ಅದನ್ನು ಬಳಸುವ ಕೋಟಿಗಟ್ಟಲೆ ಚಿಪ್ಪುಗಳು ಬಂದವು. ಗಿಡ ಬೆಳೆಯುವುದು ಆಳ ಕಡಿಮೆ ಇರುವ ದಡದಲ್ಲಿ ಮಾತ್ರ. ಮಕ್ಕಳ ತರ್ಕ ದಡಕ್ಕೆ ಹೊಂದುತ್ತದೆ, ಇಡೀ ನದಿಗೆ ಹೊಂದುವುದಿಲ್ಲ ಎಂದು ಹೇಳಿ. ತಪ್ಪು ಎಂದು ಗೀಟು ಹಾಕಬೇಡಿ.

ಸ್ಥಳೀಯ ಕಪ್ಪೆಚಿಪ್ಪುಗಳು ತೀವ್ರವಾಗಿ ಕಡಿಮೆಯಾದವು. ಮಹಾಸರೋವರಗಳಲ್ಲಿ ಜೀಬ್ರಾ ಚಿಪ್ಪುಗಳು ಅವುಗಳ ಬೆನ್ನಿಗೇ ದಪ್ಪನಾಗಿ ಅಂಟಿ ಉಸಿರು ಕಟ್ಟಿಸಿದ್ದು ಹೆಚ್ಚು. ಹಡ್ಸನ್‌ನಲ್ಲಿ ಮುಖ್ಯವಾಗಿ ಕಾಡಿದ್ದು ಆಹಾರದ ಕೊರತೆ.

ಮೀನುಗಳ ವಿಷಯ ನನಗೆ ಬಹಳ ಇಷ್ಟವಾದದ್ದು, ಯಾಕೆಂದರೆ ಇಲ್ಲಿ ಒಂದೇ ದಿಕ್ಕಿನ ಉತ್ತರವಿಲ್ಲ. ನಡುನೀರಿನ ಪ್ಲವಕ ನಂಬಿದ ಮೀನುಮರಿಗಳು, ಉದಾಹರಣೆಗೆ ನಮ್ಮ ಹಿಲ್ಸಾದಂತೆ ಕಡಲಿನಿಂದ ನದಿಗೆ ಬಂದು ಮೊಟ್ಟೆಯಿಡುವ ಅಮೆರಿಕನ್ ಶ್ಯಾಡ್, ಕಡಿಮೆಯಾದವು. ದಡದ ಗಿಡಗಳ ನಡುವೆ ಬದುಕುವ ಸನ್‌ಫಿಶ್ ಬಗೆಯವು ಹೆಚ್ಚಿದವು. 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಮೊದಲ ಗುಂಪಿನ ಮರಿಗಳಲ್ಲಿ ಸುಮಾರು ಶೇ 28ರಷ್ಟು ಇಳಿಕೆ, ಎರಡನೇ ಗುಂಪಿನಲ್ಲಿ ಸುಮಾರು ಶೇ 97ರಷ್ಟು ಏರಿಕೆ.

ಆಗ ಇನ್ನೊಂದು ಪ್ರಶ್ನೆ ಹಾಕಿ: ಇದೆಲ್ಲ ಚಿಪ್ಪಿನಿಂದಲೇ ಆಯಿತು ಎಂದು ಹೇಗೆ ಹೇಳುತ್ತೀರಿ? ಅದೇ ಹೊತ್ತಿಗೆ ಮಳೆ ಹೆಚ್ಚು ಬಿದ್ದಿರಬಹುದು, ಮೀನುಗಾರಿಕೆ ಹೆಚ್ಚಿರಬಹುದು. ಎರಡು ಸಂಗತಿ ಒಟ್ಟಿಗೆ ಆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಲ್ಲ. ಮಕ್ಕಳು ಸುಳಿವು ಹುಡುಕಲಿ. ಒಂದು ಸುಳಿವು ಇದು: ಜೀಬ್ರಾ ಚಿಪ್ಪು ಉಪ್ಪುನೀರು ತಾಳುವುದಿಲ್ಲ, ಹಾಗಾಗಿ ನದಿಯ ಕೆಳಭಾಗದಲ್ಲಿ ಅವು ಇಲ್ಲ. ನಡುನೀರಿನ ಮೀನುಮರಿಗಳ ಹಂಚಿಕೆ ಆ ಕೆಳಭಾಗದ ಕಡೆಗೆ ಸರಿಯಿತು, ದಡದ ಮೀನುಗಳದ್ದು ಚಿಪ್ಪುಗಳಿರುವ ಮೇಲ್ಭಾಗದ ಕಡೆಗೆ. ಬರೀ ಮಳೆಯೋ ಬಲೆಯೋ ಕಾರಣವಾಗಿದ್ದರೆ ಹೀಗೆ ಎರಡು ದಿಕ್ಕಿಗೆ ಸರಿಯುತ್ತಿತ್ತೇ?

ಹಂತ 5: ಕಥೆಯನ್ನು ತೊಂಬತ್ತರ ದಶಕಕ್ಕೇ ನಿಲ್ಲಿಸಬೇಡಿ

ಹಳೆಯ ಪಠ್ಯಗಳು ಕುಸಿತದ ಚಿತ್ರ ಕೊಟ್ಟು ಮುಗಿಸುತ್ತವೆ. ದಾಖಲೆ ಮುಂದುವರಿದಿದೆ. ವರ್ಷಗಳು ಕಳೆದಂತೆ ಹಡ್ಸನ್‌ನ ಬೆಳೆದ ಜೀಬ್ರಾ ಚಿಪ್ಪುಗಳು ಹೆಚ್ಚು ಹೆಚ್ಚಾಗಿ ಸಾಯತೊಡಗಿದವು, ದೊಡ್ಡ ಗಾತ್ರದವು ಅಪರೂಪವಾದವು. ಅಲ್ಲಿನ ನೀಲಿ ಏಡಿಗಳು ಇವನ್ನು ಒಡೆದು ತಿನ್ನುತ್ತವೆ. 2005ರ ನಂತರ ಪ್ರಾಣಿಪ್ಲವಕಗಳು ಚೇತರಿಸಿಕೊಂಡವು. ಸ್ಥಳೀಯ ಕಪ್ಪೆಚಿಪ್ಪುಗಳ ಕುಸಿತವೂ ನಿಂತು ಕಡಿಮೆ ಸಂಖ್ಯೆಯಲ್ಲೇ ಉಳಿದುಕೊಂಡವು. ಸಸ್ಯಪ್ಲವಕ ಮಾತ್ರ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಹಲಗೆಯ ಗ್ರಾಫನ್ನು ಮುಂದಕ್ಕೆ ಎಳೆದು, ಹಿಂದೆ ಎಳೆದ ರೇಖೆಗಳನ್ನು ಮಕ್ಕಳೇ ತಿದ್ದಲಿ. ‘ನದಿ ಸರಿಹೋಯಿತೇ?’ ಎಂದು ಕೇಳಿ, ಹೌದು-ಇಲ್ಲ ಎಂಬ ಉತ್ತರ ಒಪ್ಪಬೇಡಿ. ಯಾವುದು ಮರಳಿತು, ಯಾವುದು ಮರಳಲಿಲ್ಲ ಎಂದು ಹೆಸರಿಸಿ ಹೇಳಬೇಕು.

ಇಂಗ್ಲಿಷ್ ಓದಬಲ್ಲ ತರಗತಿಯಾದರೆ ಕ್ಯಾರಿ ಇನ್‌ಸ್ಟಿಟ್ಯೂಟ್ ‘ಚೇಂಜಿಂಗ್ ಹಡ್ಸನ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಪಾಠಗಳನ್ನು ನೋಡಿ. ನಿಜವಾದ ಅಂಕಿಗಳಿಂದಲೇ ಗ್ರಾಫ್ ಬಿಡಿಸಬಹುದು.

ಹಂತ 6: ನಮ್ಮ ನೀರಿನ ಕಡೆ ತಿರುಗಿ

ಇಲ್ಲಿ ಎಚ್ಚರ ಬೇಕು. ಜೀಬ್ರಾ ಚಿಪ್ಪು ಕಾವೇರಿಗೋ ತುಂಗಭದ್ರೆಗೋ ಬಂದಿದೆ ಎಂಬ ಅರ್ಥ ಬರುವಂತೆ ಹೇಳಬೇಡಿ. ನಮ್ಮ ಕೆರೆಯಲ್ಲಿ ಸಿಗುವ ದೊಡ್ಡ ಕಪ್ಪೆಚಿಪ್ಪುಗಳು ಇಲ್ಲಿನವೇ, ನೀರನ್ನು ಮಿತವಾಗಿ ಸೋಸುತ್ತಾ ಮೀನುಗಳ ಜೊತೆ ಬಾಳುತ್ತಾ ಬಂದವು. ಪಾಠ ಕೇಳಿದ ಉತ್ಸಾಹದಲ್ಲಿ ಮಗುವೊಂದು ಅವನ್ನು ಕಿತ್ತು ದಡಕ್ಕೆ ಎಸೆದರೆ ನಾವು ಕಲಿಸಿದ್ದು ತಲೆಕೆಳಗಾದಂತೆ.

ಹತ್ತಿರದ ಉದಾಹರಣೆ ಬೇಕೆಂದರೆ ಕೇರಳದ ಹಿನ್ನೀರಿದೆ. ದಕ್ಷಿಣ ಅಮೆರಿಕ ಮೂಲದ ಚಾರು ಎಂಬ ಚಿಪ್ಪು ಅಷ್ಟಮುಡಿ, ವೇಂಬನಾಡ್ ಹಿನ್ನೀರುಗಳಲ್ಲಿ ಹರಡಿರುವುದನ್ನು 2019ರಲ್ಲಿ ಸಂಶೋಧಕರು ವರದಿ ಮಾಡಿದ್ದಾರೆ. ಅದು ಉಪ್ಪು ಬೆರೆತ ನೀರಿನ ಜೀವಿ, ಸಿಹಿನೀರಿನದಲ್ಲ ಎಂಬ ವ್ಯತ್ಯಾಸ ಹೇಳಿಯೇ ಬಳಸಿ.

ಹರಡುವ ದಾರಿಗಳನ್ನು ಮಕ್ಕಳಿಂದ ಪಟ್ಟಿ ಮಾಡಿಸಿ. ಹಡಗು ಅವರ ಬದುಕಿಗೆ ದೂರ. ಅಕ್ವೇರಿಯಂ ಹತ್ತಿರ. 2021ರಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರುತ್ತಿದ್ದ ಅಲಂಕಾರದ ಪಾಚಿಯುಂಡೆಗಳೊಳಗೆ ಜೀವಂತ ಜೀಬ್ರಾ ಚಿಪ್ಪುಗಳು ಸಿಕ್ಕವು. ಮನೆಯ ಅಕ್ವೇರಿಯಂ ಬೇಡವಾದಾಗ ಮೀನು, ಗಿಡ, ಬಸವನಹುಳುವನ್ನು ಪುಣ್ಯ ಬರುತ್ತದೆಂದು ಕೆರೆಗೆ ಬಿಡುವವರು ನಮ್ಮಲ್ಲಿ ಬಹಳ ಜನ. ಅಮೆರಿಕದ ಮೀನುಗಾರಿಕೆ ಇಲಾಖೆಗಳು ದೋಣಿ ಇಟ್ಟುಕೊಂಡವರಿಗೆ ಹೇಳುವುದು ಮೂರು ಮಾತು: ತೊಳೆಯಿರಿ, ನೀರು ಬಸಿಯಿರಿ, ಒಣಗಿಸಿ. ಬಲೆ, ಬುಟ್ಟಿ, ಗಾಳದ ಡಬ್ಬಿಗೂ ಇದು ಹೊಂದುತ್ತದೆ.

ಹಂತ 7: ಕಲಿತದ್ದನ್ನು ಅಳೆಯುವುದು

‘ಜೀಬ್ರಾ ಚಿಪ್ಪಿನ ಐದು ದುಷ್ಪರಿಣಾಮ ಬರೆಯಿರಿ’ ಎಂದು ಕೇಳಿದರೆ ಐದು ಸಾಲು ಬಾಯಿಪಾಠ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಒಂದು ಕೆರೆಯ ಹಸಿರು ನೀರು ಎರಡೇ ವರ್ಷದಲ್ಲಿ ಕನ್ನಡಿಯಂತೆ ತಿಳಿಯಾಯಿತು. ಊರಿನವರು ಕೆರೆ ಶುದ್ಧವಾಯಿತೆಂದು ಸಂತೋಷಪಟ್ಟಿದ್ದಾರೆ. ಅವರ ಮಾತು ಸರಿಯೇ ಎಂದು ತಿಳಿಯಲು ನೀವು ಯಾವ ನಾಲ್ಕು ಸಂಗತಿಗಳನ್ನು ಅಳೆಯುತ್ತೀರಿ, ಯಾಕೆ?’

ಉತ್ತರದಲ್ಲಿ ಆಮ್ಲಜನಕ, ಪ್ಲವಕ, ಮೀನಿನ ಬಗೆ, ತಳದ ಜೀವಿಗಳು ಬಂದರೆ ಸಾಕು. ಯಾವ ಪಾಚಿ ಉಳಿದಿದೆ ಎಂದು ಕೇಳಿದ ಮಗುವಿಗೆ ಹೆಚ್ಚು ಅಂಕ ಕೊಡಿ. ಮಹಾಸರೋವರಗಳ ಕೆಲವು ಕೊಲ್ಲಿಗಳಲ್ಲಿ ಜೀಬ್ರಾ ಚಿಪ್ಪುಗಳು ಒಳ್ಳೆಯ ಪಾಚಿ ತಿಂದು, ಮೈಕ್ರೊಸಿಸ್ಟಿಸ್ ಎಂಬ ವಿಷಕಾರಿ ನೀಲಿಹಸಿರು ಪಾಚಿಯನ್ನು ಉಗುಳಿಬಿಟ್ಟದ್ದರಿಂದ ಅದೇ ಹೆಚ್ಚಿಕೊಂಡಿತು. ‘ಮೊದಲಿನ ಅಳತೆ ಇದೆಯೇ?’ ಎಂದು ತಿರುಗಿ ನಿಮ್ಮನ್ನೇ ಕೇಳಿದ ಮಗುವಿಗೆ ಪೂರ್ಣ ಅಂಕ.